ಸವಿತಾ ಹೆಸರು ನಮಗೆ ಗೊತ್ತು. ಆಮೇಲೆ ಐರ್ಲೆಂಡ್‌ನಲ್ಲಿ ನಡೆದದ್ದು ಎಷ್ಟು ಜನಕ್ಕೆ ಗೊತ್ತು?

ಮಾರ್ಕಂಡೇಯ_ದಂಡೆ

ಸವಿತಾ ಹಾಲಪ್ಪನವರ ಬೆಳಗಾವಿಯವರು. ದಂತವೈದ್ಯೆ. 2012ರ ಅಕ್ಟೋಬರ್ 28ರಂದು ಐರ್ಲೆಂಡ್‌ನ ಗಾಲ್ವೇ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 31 ವರ್ಷ. 17 ವಾರದ ಗರ್ಭ. ಅದು ಉಳಿಯುವುದಿಲ್ಲ ಅಂತ ವೈದ್ಯರಿಗೇ ಗೊತ್ತಿತ್ತು. ತೆಗೆದುಬಿಡಿ ಅಂತ ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಅಂದರು. ಅಷ್ಟರಲ್ಲಿ ನಂಜು ಮೈಗೆಲ್ಲಾ ಏರಿತು.

ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಕ್ಟೋಬರ್ ಬಂತೆಂದರೆ "ಕನ್ನಡತಿಯ ಸಾವು ಒಂದು ದೇಶದ ಕಾನೂನನ್ನೇ ಬದಲಾಯಿಸಿತು" ಅನ್ನೋ ಪೋಸ್ಟ್‌ಗಳು ಓಡಾಡುತ್ತವೆ. ಆ ಸಾಲನ್ನು ನಾನು ಒಪ್ಪುವುದಿಲ್ಲ. ಸಾವು ತಾನಾಗೇ ಯಾವ ಕಾನೂನನ್ನೂ ಬದಲಾಯಿಸುವುದಿಲ್ಲ. ಹಾಗೆ ಆಗುವಂತಿದ್ದರೆ ಅಲ್ಲಿ ಎಷ್ಟೋ ವರ್ಷ ಮೊದಲೇ ಬದಲಾಗಬೇಕಿತ್ತು.

ಅಲ್ಲಿನ ಕಥೆ ಶುರುವಾಗುವುದು 1983ರಲ್ಲಿ. ಆ ವರ್ಷ ಜನಮತಗಣನೆ ಮಾಡಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿದರು. ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಅಂತ ಬರೆದರು. ಸುಮಾರು 67 ಶೇಕಡಾ ಜನ ಹೌದು ಅಂದರು. ಬೇಡ ಅಂತ ಬೀದಿಗಿಳಿದಿದ್ದ ಹೆಂಗಸರು ಸೋತರು. ಅವರಲ್ಲಿ ಐಲ್ವ ಸ್ಮಿತ್ ಒಬ್ಬರು. 35 ವರ್ಷ ಆದ ಮೇಲೆ, 2018ರಲ್ಲಿ, ಅದೇ ತಿದ್ದುಪಡಿಯನ್ನು ಕಿತ್ತು ಹಾಕಿದ ಪ್ರಚಾರದ ಮೂವರು ಮುಖ್ಯಸ್ಥರಲ್ಲಿ ಅವರೂ ಇದ್ದರು. ಆ ಸಲ ಕಿತ್ತು ಹಾಕೋಣ ಅಂದವರು 66.4 ಶೇಕಡಾ.

ಇನ್ನೊಂದು ವಿಷಯ. ಡಬ್ಲಿನ್‌ನಲ್ಲಿ ಮೊದಲ "ಮಾರ್ಚ್ ಫಾರ್ ಚಾಯ್ಸ್" ಮೆರವಣಿಗೆ (ಗರ್ಭಪಾತದ ಹಕ್ಕಿಗಾಗಿ) ನಡೆದದ್ದು 2012ರ ಸೆಪ್ಟೆಂಬರ್‌ನಲ್ಲಿ. ಸವಿತಾ ಸಾಯುವುದಕ್ಕೆ ಒಂದು ತಿಂಗಳ ಮೊದಲು! ಅಂದರೆ ಜನ ಆಗಲೇ ಸೇರಿದ್ದರು, ಸಭೆ ಮಾಡುತ್ತಿದ್ದರು, ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಬಳಿ ಇತ್ತು. ನವೆಂಬರ್ 14ರಂದು ಐರಿಷ್ ಟೈಮ್ಸ್ ಪತ್ರಿಕೆ ಸವಿತಾ ಸುದ್ದಿ ಹಾಕಿತು. ಅದೇ ವಾರ ಸಾವಿರಾರು ಜನ ಡಬ್ಲಿನ್ ಬೀದಿಯಲ್ಲಿದ್ದರು. ಅಷ್ಟು ಬೇಗ ಸೇರಲು ಆಗಿದ್ದು ಮೊದಲೇ ಸಂಘಟನೆ ಇದ್ದದ್ದರಿಂದ.

ಆ ಕೆಲಸದ ಬಗ್ಗೆ ಇಲ್ಲಿ ಮಾತಾಡೋಣ ಅಂತ ಆಸೆ. ಐರ್ಲೆಂಡ್‌ನಲ್ಲಿರುವವರು, ಪೋಲೆಂಡ್, ಫ್ರಾನ್ಸ್ ಕಡೆ ಇರುವವರು, ಕಾನೂನು ಗೊತ್ತಿರುವವರು ಬರೀರಿ. ಯುರೋಪಿನಲ್ಲಿ ಇಂಥ ಹಕ್ಕಿನ ಹೋರಾಟ ದಿನನಿತ್ಯ ಹೇಗೆ ನಡೆಯುತ್ತದೆ?

ಡಬ್ಲಿನ್_ಮಳೆ

ನಾನು ಇಲ್ಲಿ ನರ್ಸ್. 2018ರ ಪ್ರಚಾರದಲ್ಲಿ ಮನೆ ಮನೆಗೆ ಹೋಗಿದ್ದೇನೆ. ನನಗೆ ಮತ ಇರಲಿಲ್ಲ. ಜನಮತಗಣನೆಯಲ್ಲಿ ಐರಿಷ್ ಪೌರತ್ವ ಇದ್ದವರಿಗೆ ಮಾತ್ರ ಮತ. ಆದರೆ ಬಾಗಿಲು ತಟ್ಟಲು ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ.

ಕೆಲಸ ಹೇಗಿರುತ್ತಿತ್ತು ಹೇಳ್ತೀನಿ. ಡ್ಯೂಟಿ ಮುಗಿಸಿ ಸಂಜೆ ಒಂದು ಕಡೆ ಸೇರುತ್ತಿದ್ದೆವು. ಒಬ್ಬರು ರಸ್ತೆಗಳ ಪಟ್ಟಿ ಹಿಡಿದಿರುತ್ತಿದ್ದರು. ಹೊಸಬರನ್ನು ಅನುಭವ ಇದ್ದವರ ಜೊತೆ ಹಾಕುತ್ತಿದ್ದರು. ಮೊದಲೇ ಹೇಳಿಕೊಡುತ್ತಿದ್ದದ್ದು ಒಂದೇ: ವಾದ ಮಾಡಬೇಡಿ. ಪೂರ್ತಿ ವಿರೋಧ ಇರುವವರ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲಬೇಡಿ, ನಮಸ್ಕಾರ ಹೇಳಿ ಮುಂದೆ ಹೋಗಿ. ಆಗಲೇ ನಮ್ಮ ಕಡೆ ಇರುವವರ ಹತ್ತಿರವೂ ಜಾಸ್ತಿ ಹೊತ್ತು ಬೇಡ. ಸಮಯ ಕೊಡಬೇಕಾದದ್ದು "ನನಗೆ ಗೊತ್ತಾಗ್ತಿಲ್ಲ, ಎರಡೂ ಕಡೆ ಸರಿ ಅನಿಸುತ್ತೆ" ಅನ್ನುವವರಿಗೆ. ಅವರ ಮಾತು ಕೇಳಿ, ನಡುವೆ ಬಾಯಿ ಹಾಕಬೇಡಿ ಅನ್ನುತ್ತಿದ್ದರು.

ಕೇಳುತ್ತಾ ಹೋದರೆ ಬಾಗಿಲಲ್ಲೇ ಕಥೆಗಳು ಬರುತ್ತಿದ್ದವು. ಒಬ್ಬ ಅಜ್ಜಿ ಮೊದಲು ನಮ್ಮನ್ನು ಒಳಗೂ ಕರೆಯಲಿಲ್ಲ, ಹೊರಗೂ ಕಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತನ್ನ ತಂಗಿ ಯಾರಿಗೂ ಹೇಳದೆ ಹಡಗು ಹತ್ತಿ ಲಿವರ್‌ಪೂಲ್‌ಗೆ ಹೋಗಿದ್ದನ್ನು ಹೇಳಿದರು. ಮನೆಯಲ್ಲಿ ಯಾರೂ ಆ ಮಾತು ಎತ್ತಿಯೇ ಇರಲಿಲ್ಲವಂತೆ. 1980ರಿಂದ 2016ರವರೆಗೆ 1,70,000ಕ್ಕೂ ಹೆಚ್ಚು ಹೆಂಗಸರು ಹೀಗೆ ಐರ್ಲೆಂಡ್‌ನಿಂದ ಹೊರಗೆ ಹೋಗಿ ಗರ್ಭಪಾತ ಮಾಡಿಸಿಕೊಂಡಿದ್ದಾರೆ. ಯೋಚನೆ ಮಾಡಿ, ಪ್ರತಿ ರಸ್ತೆಯಲ್ಲೂ ಯಾರೋ ಒಬ್ಬರು ಇದ್ದರು. ಎಲ್ಲರೂ ಸುಮ್ನಿದ್ದರು. ಪ್ರಚಾರ ಮಾಡಿದ ದೊಡ್ಡ ಕೆಲಸ ಅಂದರೆ ಆ ಮೌನ ಮುರಿದದ್ದು.

"ಇನ್ ಹರ್ ಶೂಸ್" ಅಂತ ಒಂದು ಫೇಸ್‌ಬುಕ್ ಪುಟ ಇತ್ತು. ಹೆಸರಿಲ್ಲದೆ ಹೆಂಗಸರು ತಮ್ಮ ಅನುಭವ ಬರೆಯುತ್ತಿದ್ದರು. ಒಂದೊಂದೂ ಓದಿದರೆ ಹೊಟ್ಟೆ ಕಿವುಚುತ್ತದೆ. ಸರದಿ ಮುಗಿಸಿ ಬಸ್ಸಿನಲ್ಲಿ ಅದನ್ನು ಓದಿಕೊಂಡು ಮನೆಗೆ ಹೋಗುತ್ತಿದ್ದೆ. ಮತದಾನದ ದಿನದ ಸಮೀಕ್ಷೆಯಲ್ಲೂ ಜನ ಹೇಳಿದ್ದು ಇದನ್ನೇ. ನಾಯಕರ ಭಾಷಣಕ್ಕಿಂತ ಹೆಂಗಸರ ಸ್ವಂತ ಕಥೆಗಳು ಮನಸ್ಸು ಮುಟ್ಟಿದವು ಅಂತ.

ಕಾನೂನು_ಕಟ್ಟೆ

ಬೀದಿಯ ಕೆಲಸದ ಜೊತೆ ಕೋರ್ಟಿನ ಕೆಲಸವನ್ನೂ ಸೇರಿಸುತ್ತೇನೆ. ಎರಡೂ ಒಟ್ಟಿಗೆ ನಡೆದಿವೆ.

1992ರಲ್ಲಿ "ಎಕ್ಸ್" ಪ್ರಕರಣ. ಅತ್ಯಾಚಾರಕ್ಕೆ ಒಳಗಾದ 14 ವರ್ಷದ ಹುಡುಗಿ. ಗರ್ಭಪಾತಕ್ಕೆ ಇಂಗ್ಲೆಂಡಿಗೆ ಹೋಗದಂತೆ ಹೈಕೋರ್ಟ್ ತಡೆ ಹಾಕಿತು. ದೇಶ ರೊಚ್ಚಿಗೆದ್ದಿತು. ಸುಪ್ರೀಂ ಕೋರ್ಟ್ ಆ ತಡೆ ತೆಗೆಯಿತು. ಆತ್ಮಹತ್ಯೆಯ ಭಯ ಇದ್ದರೂ ಅದು ತಾಯಿಯ ಜೀವಕ್ಕೆ ಅಪಾಯವೇ ಅಂದಿತು. ಆದರೆ ಅದಕ್ಕೆ ತಕ್ಕ ಕಾನೂನನ್ನು ಸಂಸತ್ತು ಮಾಡಲೇ ಇಲ್ಲ. 20 ವರ್ಷ ಸುಮ್ಮನೆ ಕೂತರು. ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಆ 20 ವರ್ಷದ ಬಗ್ಗೆ.

2010ರ ಡಿಸೆಂಬರ್ 16ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಎ, ಬಿ, ಸಿ ಅಂತ ಕರೆದ ಮೂವರು ಮಹಿಳೆಯರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಇದನ್ನು ಜಾಸ್ತಿ ಜನ ತಪ್ಪಾಗಿ ಹೇಳುತ್ತಾರೆ. ಕೋರ್ಟ್ ಗರ್ಭಪಾತ ಒಂದು ಹಕ್ಕು ಅಂತ ಹೇಳಲಿಲ್ಲ. ಎ ಮತ್ತು ಬಿ ಸೋತರು. ಗೆದ್ದದ್ದು ಸಿ. ಆಕೆಗೆ ಕ್ಯಾನ್ಸರ್ ಇತ್ತು, ಆಗ ತಗ್ಗಿತ್ತು. ಗರ್ಭದಿಂದ ತನ್ನ ಜೀವಕ್ಕೆ ಅಪಾಯವಿದೆಯಾ, ಐರ್ಲೆಂಡ್‌ನಲ್ಲೇ ಕಾನೂನು ಪ್ರಕಾರ ಗರ್ಭಪಾತ ಸಿಗುತ್ತದಾ ಅಂತ ತಿಳಿದುಕೊಳ್ಳಲು ದಾರಿಯೇ ಇರಲಿಲ್ಲ. ಕಾಗದದಲ್ಲಿ ಹಕ್ಕು ಬರೆದಿಟ್ಟು ಬಳಸುವ ದಾರಿ ಮುಚ್ಚಿದ್ದೀರಿ, ಇದು ತಪ್ಪು ಅಂತ ಕೋರ್ಟ್ ಹೇಳಿತು. ಇಷ್ಟಾಗಿಯೂ ಸರ್ಕಾರ ಎಳೆದಾಡುತ್ತಿತ್ತು. ಅಷ್ಟರಲ್ಲಿ 2012 ಬಂತು.

ಆಮೇಲೆ 2016ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅಮಾಂಡಾ ಮೆಲೆಟ್ ಎಂಬ ಮಹಿಳೆಯ ದೂರನ್ನು ಎತ್ತಿ ಹಿಡಿಯಿತು. ಆಕೆಯ ಗರ್ಭದ ಮಗು ಬದುಕುವ ಸಾಧ್ಯತೆ ಇರಲಿಲ್ಲ. ಆದರೂ ಆಕೆ ದೇಶ ಬಿಟ್ಟು ಲಿವರ್‌ಪೂಲ್‌ಗೆ ಹೋಗಬೇಕಾಯಿತು. ಇದು ಕ್ರೂರ, ಅಮಾನವೀಯ ನಡವಳಿಕೆ ಅಂತ ಸಮಿತಿ ಹೇಳಿತು. ಸರ್ಕಾರ 30,000 ಯೂರೋ ಪರಿಹಾರ ಕೊಟ್ಟಿತು. ಮುಂದಿನ ವರ್ಷ ಶಿವಾನ್ ವೀಲನ್ ಪ್ರಕರಣದಲ್ಲೂ ಹಾಗೇ ಆಯಿತು.

ಈ ತೀರ್ಪುಗಳಿಂದ ಕಾನೂನು ನೇರವಾಗಿ ಬದಲಾಗಲಿಲ್ಲ. ಆದರೆ ಪ್ರಚಾರಕ್ಕೆ ಮಾತು ಸಿಕ್ಕಿತು. "ಇದು ನಂಬಿಕೆಯ ವಿಷಯ, ಹೊರಗಿನವರು ತಲೆ ಹಾಕಬೇಡಿ" ಅಂದವರಿಗೆ "ನೀವೇ ಸಹಿ ಹಾಕಿದ ಒಪ್ಪಂದ ಇದು" ಅಂತ ತೋರಿಸಲು ಆಯಿತು.

ತುಂಗೆಯ_ತಡಿ

ಎಲ್ಲರೂ ಒಂದೇ ಕಡೆ ನಿಂತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಸವಿತಾಗೆ ಆದದ್ದು ಘೋರ ಅನ್ಯಾಯ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತಾಯಿಯ ಜೀವ ಉಳಿಸಲು ಗರ್ಭ ತೆಗೆಯುವುದು ಬೇರೆ. ಈಗ ಅಲ್ಲಿರುವ ಹಾಗೆ 12 ವಾರದವರೆಗೆ ಕಾರಣವನ್ನೇ ಕೇಳದೆ ಬಿಡುವುದು ಬೇರೆ. ಮೊದಲನೆಯದರ ನೋವು ತೋರಿಸಿ ಎರಡನೆಯದನ್ನು ಪಡೆದರು ಅನಿಸುತ್ತದೆ. ಜೀವ ಯಾವಾಗ ಶುರುವಾಗುತ್ತದೆ ಅನ್ನುವುದು ನನಗೆ ದೊಡ್ಡ ಪ್ರಶ್ನೆ. ಅದನ್ನು ಕೇಳುವವರೆಲ್ಲ ಹೆಂಗಸರ ವಿರೋಧಿಗಳಲ್ಲ. ನಮ್ಮ ಜಿಲ್ಲೆಗಳಲ್ಲಿ ಹೆಣ್ಣು ಭ್ರೂಣ ಹತ್ಯೆ ನಡೆಯುವುದನ್ನು ನೋಡಿದವಳು ನಾನು.

ಇನ್ನೊಂದು. ತೀರಿಹೋದವರ ಮುಖವನ್ನು ಪೋಸ್ಟರ್ ಮಾಡುವುದು ಸರಿಯಾ?

ಹೆರಿಗೆ_ವಾರ್ಡ್

ತುಂಗೆಯ_ತಡಿ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ವೈದ್ಯೆಯಾಗಿ ಉತ್ತರ ಕೊಡುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಪ್ರಸೂತಿ ವೈದ್ಯೆ.

"ಜೀವಕ್ಕೆ ಅಪಾಯ ಇದ್ದಾಗ ಮಾತ್ರ" ಅನ್ನುವ ಕಾನೂನು ಕಾಗದದಲ್ಲಿ ಚೆನ್ನಾಗಿ ಕಾಣುತ್ತದೆ. ವಾರ್ಡಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. 17 ವಾರಕ್ಕೆ ನೀರಿನ ಚೀಲ ಒಡೆದಿದೆ. ಗರ್ಭ ಉಳಿಯುವುದಿಲ್ಲ. ಗರ್ಭಕೋಶದ ಬಾಯಿ ತೆರೆದಿದೆ, ಒಳಗೆ ಸೋಂಕು ಹೋಗಲು ದಾರಿ ಆಗಿದೆ. ಈ ಗಳಿಗೆಯಲ್ಲಿ ತಾಯಿಯ ಜ್ವರ ನೋಡಿದರೆ ಸರಿಯಾಗಿದೆ, ನಾಡಿ ಸರಿಯಾಗಿದೆ. ಅಂದರೆ ಕಾನೂನಿನ ಪ್ರಕಾರ ಇನ್ನೂ "ಅಪಾಯ" ಇಲ್ಲ. ಅಪಾಯ ಅಂತ ಬರೆದುಕೊಳ್ಳುವಷ್ಟು ಲಕ್ಷಣ ಬರುವ ಹೊತ್ತಿಗೆ ನಂಜು ರಕ್ತ ಸೇರಿರುತ್ತದೆ. ಈ ನಂಜು, ಅಂದರೆ ಸೆಪ್ಸಿಸ್, ಗಂಟೆಗಳ ಲೆಕ್ಕದಲ್ಲಿ ಓಡುತ್ತದೆ. ತಪ್ಪು ಲೆಕ್ಕ ಹಾಕಿದರೆ ವೈದ್ಯರಿಗೆ ಜೈಲು. ಹಾಗಾಗಿ ವೈದ್ಯರು ಕಾಯುತ್ತಾರೆ.

2013ರ ಏಪ್ರಿಲ್‌ನಲ್ಲಿ ನಡೆದ ಸಾವಿನ ವಿಚಾರಣೆಯಲ್ಲಿ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಇದನ್ನೇ ಹೇಳಿದರು. ಸೋಮವಾರ ಅಥವಾ ಮಂಗಳವಾರ ಗರ್ಭ ತೆಗೆದಿದ್ದರೆ ಸವಿತಾ ಬದುಕಿರುವ ಸಾಧ್ಯತೆಯೇ ಹೆಚ್ಚಿತ್ತು. ಆದರೆ ಆ ದಿನಗಳಲ್ಲಿ ತೆಗೆಯಲು ಕಾನೂನು ಅವಕಾಶ ಕೊಡುತ್ತಿರಲಿಲ್ಲ.

ಪೂರ್ತಿ ತಪ್ಪು ಕಾನೂನಿನದೇ ಅಂತಲೂ ನಾನು ಹೇಳುವುದಿಲ್ಲ. ರಕ್ತ ಪರೀಕ್ಷೆಯ ವರದಿಯನ್ನು ಸಮಯಕ್ಕೆ ನೋಡಲಿಲ್ಲ. ನಾಡಿ, ಜ್ವರ, ರಕ್ತದೊತ್ತಡವನ್ನು ಸರಿಯಾಗಿ ಗಮನಿಸಲಿಲ್ಲ. ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ ತನ್ನ ವರದಿಯಲ್ಲಿ ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿ ಮಾಡಿತು. ತಿದ್ದುಪಡಿ ಉಳಿಯಲಿ ಅಂದವರು ಈ ವರದಿಯನ್ನು ಹಿಡಿದು "ನೋಡಿ, ಇದು ಬರೀ ಆರೈಕೆಯ ಲೋಪ" ಅಂದರು. ಆದರೆ ಪ್ರೊಫೆಸರ್ ಸಬಾರತ್ನಂ ಅರುಳ್‌ಕುಮಾರನ್ ನೇತೃತ್ವದ ಸಮಿತಿ ಕಾನೂನೂ ಒಂದು ಮುಖ್ಯ ಕಾರಣ ಅಂತ ಸ್ಪಷ್ಟವಾಗಿ ಬರೆದಿತ್ತು. ಎರಡೂ ನಿಜ. ಎದೆಬಡಿತ ನಿಲ್ಲಲಿ ಅಂತ ಕಾಯುವುದೇ ಚಿಕಿತ್ಸೆ ಆದಾಗ, ಆರೈಕೆಯ ಲೋಪ ಕೊಲ್ಲುವಷ್ಟು ದೊಡ್ಡದಾಗುತ್ತದೆ.

ಭಾರತದಲ್ಲಿ 1971ರಿಂದಲೇ ಗರ್ಭಪಾತ ಕಾನೂನು ಇದೆ. 17 ವಾರಕ್ಕೆ ಆಗ ಇಬ್ಬರು ವೈದ್ಯರ ಅಭಿಪ್ರಾಯ ಸಾಕಿತ್ತು. ಸವಿತಾ ತವರಿಗೆ ಬಂದಿದ್ದರೆ ಕಾನೂನು ಯಾರ ಕೈಯನ್ನೂ ಕಟ್ಟುತ್ತಿರಲಿಲ್ಲ. ಈ ಒಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ.

ಭ್ರೂಣ ಲಿಂಗ ಪತ್ತೆಯ ಮಾತು ನಮ್ಮಲ್ಲಿ ಬಹಳ ಮುಖ್ಯ. ಆದರೆ ಅದಕ್ಕೆ 1994ರ ಬೇರೆ ಕಾನೂನೇ ಇದೆ. ಅಲ್ಲಿ ಹೆಣ್ಣಿನ ಇಷ್ಟ ಕೇಳದೆ ಮನೆಯವರು ನಿರ್ಧಾರ ಮಾಡುತ್ತಾರೆ. ಐರ್ಲೆಂಡ್‌ನಲ್ಲಿಯೂ ಹೆಣ್ಣಿನ ಇಷ್ಟ ಕೇಳದೆ ದೇಶ ನಿರ್ಧಾರ ಮಾಡಿತ್ತು. ನನಗೆ ಎರಡೂ ಒಂದೇ ಥರದ ಅನ್ಯಾಯವಾಗಿ ಕಾಣುತ್ತವೆ.

ಮಾರ್ಕಂಡೇಯ_ದಂಡೆ

ಪೋಸ್ಟರ್ ಪ್ರಶ್ನೆ ನ್ಯಾಯವಾದದ್ದು. ಇದರಲ್ಲಿ ನಾನು ನೋಡುವುದು ಹತ್ತಿರದವರ ಮಾತನ್ನು. ಸುದ್ದಿ ಹೊರಗೆ ಬಂದದ್ದೇ ಸವಿತಾ ಪತಿ ಪತ್ರಿಕೆಯ ಜೊತೆ ಮಾತಾಡಿದ್ದರಿಂದ. 2018ರ ಮೇ ತಿಂಗಳಲ್ಲಿ ಬೆಳಗಾವಿಯಿಂದ ಸವಿತಾ ತಂದೆ ಐರ್ಲೆಂಡ್ ಜನಕ್ಕೆ ಮನವಿ ಮಾಡಿದರು. ಮತ ಹಾಕುವಾಗ ನನ್ನ ಮಗಳನ್ನು ನೆನಪಿಡಿ, ಇನ್ನೊಂದು ಮನೆಗೆ ಹೀಗಾಗಬಾರದು ಅಂತ. ಫಲಿತಾಂಶ ಬಂದ ಮೇಲೆ ಹೊಸ ಕಾನೂನಿಗೆ ಮಗಳ ಹೆಸರಿಡಿ ಅಂತಲೂ ಕೇಳಿಕೊಂಡರು. ಹಾಗೆ ಹೆಸರಿಡಲಿಲ್ಲ.

ಮನೆಯವರ ಒಪ್ಪಿಗೆ ಇಲ್ಲದೆ ಮುಖ ಬಳಸಿದ್ದರೆ ನಾನೂ ನಿಮ್ಮ ಜೊತೆ ನಿಲ್ಲುತ್ತಿದ್ದೆ.

ಡಬ್ಲಿನ್_ಮಳೆ

ಡಬ್ಲಿನ್‌ನ ಪೋರ್ಟೊಬೆಲ್ಲೋದಲ್ಲಿ ಗೋಡೆ ತುಂಬಾ ಸವಿತಾ ಚಿತ್ರ ಬಿಡಿಸಿದ್ದರು. ಫಲಿತಾಂಶದ ದಿನ ಜನ ಅದರ ಸುತ್ತ ಚೀಟಿ ಅಂಟಿಸಿದರು, ನೂರಾರು. "ಕ್ಷಮಿಸು, ತಡವಾಯಿತು" ಅನ್ನುವ ಅರ್ಥದವೇ ಜಾಸ್ತಿ. ಅಲ್ಲಿ ನಿಂತವರಿಗೆ ಅದು ಪೋಸ್ಟರ್ ಅನಿಸುತ್ತಿರಲಿಲ್ಲ.

ಆದರೆ ಒಂದು ಕಹಿ ಮಾತೂ ಹೇಳಲೇಬೇಕು. ಪ್ರಚಾರದ ಮುಖ ವಲಸೆ ಬಂದ ಹೆಣ್ಣಿನದು. ಮುಂದಾಳುಗಳಲ್ಲಿ ವಲಸಿಗರು ಬಹಳ ಕಡಿಮೆ. "ಮೈಗ್ರಂಟ್ಸ್ ಅಂಡ್ ಎತ್ನಿಕ್ ಮೈನಾರಿಟೀಸ್ ಫಾರ್ ರಿಪ್ರೊಡಕ್ಟಿವ್ ಜಸ್ಟಿಸ್" ಅನ್ನುವ ಗುಂಪು ಇದನ್ನು ಆಗಲೇ ನೇರವಾಗಿ ಹೇಳಿತು. ಐರಿಷ್ ಹೆಂಗಸರಿಗೆ ಕೊನೆಗೆ ವಿಮಾನವಾದರೂ ಇತ್ತು. ಆಶ್ರಯ ಕೇಳಿ ಬಂದವರಿಗೆ, ವೀಸಾ ಮೇಲೆ ಇರುವವರಿಗೆ ಅದೂ ಇರಲಿಲ್ಲ. ಬ್ರಿಟನ್‌ಗೆ ಹೋಗಲು ಬೇರೆ ವೀಸಾ ಬೇಕು, ದುಡ್ಡು ಬೇಕು, ಸಮಯ ಬೇಕು. 2014ರಲ್ಲಿ "ಮಿಸ್ ವೈ" ಅಂತ ಕರೆದ ಯುವತಿಯ ಪ್ರಕರಣ ನೋಡಿ. ತನ್ನ ದೇಶದಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಇಲ್ಲಿಗೆ ಆಶ್ರಯ ಕೇಳಿ ಬಂದವಳು. ಗರ್ಭಪಾತ ಸಿಗಲಿಲ್ಲ. ಸಾಯುತ್ತೇನೆ ಅಂದಳು. ಕೊನೆಗೆ ಸಿಸೇರಿಯನ್ ಮಾಡಿ ಮಗು ತೆಗೆದರು. ಅಷ್ಟೊತ್ತಿಗೆ 2013ರ "ಜೀವ ರಕ್ಷಣೆ" ಕಾನೂನು ಬಂದಾಗಿತ್ತು. ಸವಿತಾ ಸಾವಿನ ನಂತರ ಮಾಡಿದ್ದ ಕಾನೂನು ಅದು. ಅದೂ ಅವಳ ಕೈ ಹಿಡಿಯಲಿಲ್ಲ.

ಅಂಗಳದ_ದೀಪ

ಒಂದು ಪ್ರಶ್ನೆ. ಇಷ್ಟು ಕಟ್ಟಾ ಕ್ಯಾಥಲಿಕ್ ದೇಶದಲ್ಲಿ ರಾಜಕಾರಣಿಗಳು ಜನಮತಗಣನೆಗೆ ಹೇಗೆ ಒಪ್ಪಿದರು? ಸೋತರೆ ಕುರ್ಚಿ ಹೋಗುತ್ತೆ ಅಲ್ವಾ?

ಕಾನೂನು_ಕಟ್ಟೆ

ಒಳ್ಳೇ ಪ್ರಶ್ನೆ. ಅವರು ಆ ಭಾರವನ್ನು ಜನರ ಸಭೆಯೊಂದಕ್ಕೆ ಒಪ್ಪಿಸಿದರು. 2016ರಲ್ಲಿ ನಾಗರಿಕರ ಸಭೆ ಶುರುವಾಯಿತು. ಮತದಾರರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ 99 ಜನ, ಅಧ್ಯಕ್ಷೆಯಾಗಿ ನ್ಯಾಯಮೂರ್ತಿ ಮೇರಿ ಲಫೋಯ್. ವಯಸ್ಸು, ಊರು, ಗಂಡು ಹೆಣ್ಣು ಎಲ್ಲವೂ ದೇಶದ ಜನಸಂಖ್ಯೆಗೆ ಹೊಂದುವ ಹಾಗೆ. ವಾರಾಂತ್ಯಗಳಲ್ಲಿ ಕೂತು ವೈದ್ಯರು, ವಕೀಲರು, ಎರಡೂ ಕಡೆಯ ಗುಂಪುಗಳು, ಅನುಭವಿಸಿದ ಹೆಂಗಸರು, ಎಲ್ಲರ ಮಾತು ಕೇಳಿದರು.

ಬಹಳ ಪ್ರಚಾರಕರಿಗೆ ಆಗ ಸಿಟ್ಟು ಬಂದಿತ್ತು. ಇದು ಸಮಯ ತಳ್ಳುವ ಉಪಾಯ ಅಂದರು. ಅವರ ಅನುಮಾನಕ್ಕೆ ಕಾರಣ ಇತ್ತು, 20 ವರ್ಷ ತಳ್ಳಿದ್ದನ್ನು ನೋಡಿದವರು. ಅದಕ್ಕೇ 2017ರ ಮಾರ್ಚ್ 8ರಂದು ಕೆಲಸ ಬಿಟ್ಟು ಬಂದು ಡಬ್ಲಿನ್‌ನ ಓ'ಕಾನಲ್ ಸೇತುವೆಯನ್ನೇ ತಡೆದರು. ಒಂದು ಕಡೆ ಸಭೆಯ ಬಾಗಿಲಿನ ಒಳಗೆ ಮಾತು, ಇನ್ನೊಂದು ಕಡೆ ಹೊರಗೆ ಒತ್ತಡ. ಆ ಏಪ್ರಿಲ್‌ನಲ್ಲಿ ಸಭೆ ಮತ ಹಾಕಿದಾಗ, ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಇರಲಿ ಅಂದವರು 64 ಶೇಕಡಾ. ಅವರಲ್ಲಿ ಹೆಚ್ಚಿನವರು ಅವಧಿಗೆ ಮಿತಿ ಇಟ್ಟೇ. ರಾಜಕಾರಣಿಗಳು ಬೆಚ್ಚಿದರು. ಜನ ತಮಗಿಂತ ಮುಂದೆ ಹೋಗಿದ್ದಾರೆ ಅಂತ ಆಗ ಗೊತ್ತಾಯಿತು. ಜನಮತಗಣನೆಯ ಫಲಿತಾಂಶವೂ ಹೆಚ್ಚು ಕಡಿಮೆ ಹಾಗೇ ಬಂತು. ದೇಶದ ಎಲ್ಲಾ ಕ್ಷೇತ್ರಗಳಲ್ಲಿ ಬೇಡ ಅಂದದ್ದು ಡೊನೆಗಾಲ್ ಒಂದೇ.

ತುಂಗೆಯ_ತಡಿ ಅವರ 12 ವಾರದ ಪ್ರಶ್ನೆಗೂ ಉತ್ತರ ಇದರಲ್ಲೇ ಸ್ವಲ್ಪ ಇದೆ. ಅತ್ಯಾಚಾರಕ್ಕೆ ಒಳಗಾದವರಿಗೆ ಮಾತ್ರ ಕೊಡೋಣ ಅಂದುಕೊಂಡರೆ ಸಾಬೀತು ಮಾಡುವುದು ಹೇಗೆ? ಪೊಲೀಸರ ಮುಂದೆ ನಿಲ್ಲಿಸಬೇಕಾ? ಸಂಸದೀಯ ಸಮಿತಿ ಇದನ್ನು ತುಂಬಾ ಹೊತ್ತು ಚರ್ಚಿಸಿ, ಆ ಹೆಣ್ಣಿಗೆ ಮತ್ತೊಮ್ಮೆ ಹಿಂಸೆ ಕೊಡದೆ ಇದನ್ನು ಮಾಡಲು ಆಗುವುದಿಲ್ಲ ಅನ್ನುವ ತೀರ್ಮಾನಕ್ಕೆ ಬಂತು.

ಕ್ರಾಕೋವ್_ಟ್ರಾಮ್

ಪೋಲೆಂಡ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಕಥೆ ಉಲ್ಟಾ ಓಡಿದೆ. ಐರ್ಲೆಂಡ್ ಬಾಗಿಲು ತೆರೆದ ಎರಡು ವರ್ಷಕ್ಕೆ ಇಲ್ಲಿ ಇದ್ದ ಚೂರನ್ನೂ ಮುಚ್ಚಿದರು.

1993ರ ಕಾನೂನಿನಲ್ಲಿ ಮೂರು ಕಾರಣಕ್ಕೆ ಅವಕಾಶ ಇತ್ತು. ತಾಯಿಯ ಜೀವ ಅಥವಾ ಆರೋಗ್ಯಕ್ಕೆ ಅಪಾಯ, ಅತ್ಯಾಚಾರದಂಥ ಅಪರಾಧ, ಭ್ರೂಣಕ್ಕೆ ಗಂಭೀರ ತೊಂದರೆ. 2016ರಲ್ಲಿ ಪೂರ್ತಿ ನಿಷೇಧದ ಮಸೂದೆ ಬಂತು. ಅಕ್ಟೋಬರ್ 3ರಂದು ಹೆಂಗಸರು ಕಪ್ಪು ಬಟ್ಟೆ ಹಾಕಿ ಕೆಲಸ ಬಿಟ್ಟು ಬೀದಿಗೆ ಬಂದರು. ಮಳೆ ಸುರಿಯುತ್ತಿತ್ತು, ವಾರ್ಸಾದ ಚೌಕ ತುಂಬಾ ಛತ್ರಿಗಳು. ಮೂರೇ ದಿನಕ್ಕೆ ಸಂಸತ್ತು ಆ ಮಸೂದೆಯನ್ನು ತಿರಸ್ಕರಿಸಿತು. ಅದು ದೊಡ್ಡ ಗೆಲುವು.

ಆದರೆ ಸರ್ಕಾರ ಬೇರೆ ದಾರಿ ಹಿಡಿಯಿತು. ತನ್ನವರನ್ನು ತುಂಬಿಸಿದ್ದ ಸಾಂವಿಧಾನಿಕ ನ್ಯಾಯಮಂಡಳಿ 2020ರ ಅಕ್ಟೋಬರ್ 22ರಂದು ಮೂರನೇ ಕಾರಣವನ್ನು ಹೊಡೆದು ಹಾಕಿತು. ಇಲ್ಲಿ ನಡೆಯುತ್ತಿದ್ದ ಕಾನೂನುಬದ್ಧ ಗರ್ಭಪಾತಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಅದೇ ಕಾರಣದವು. ಕೋವಿಡ್ ಕಾಲ, ಸಭೆ ಸೇರಲು ನಿಷೇಧ. ಆದರೂ ಲಕ್ಷಾಂತರ ಜನ ಬಂದರು. ಸಣ್ಣ ಸಣ್ಣ ಊರುಗಳಲ್ಲಿ, ಚರ್ಚ್ ಮಾತೇ ಕೊನೆ ಮಾತು ಅನ್ನುವ ಊರುಗಳಲ್ಲಿ ಕೂಡ. ಹೋರಾಟದ ಕೆಂಪು ಮಿಂಚಿನ ಗುರುತು ಕಿಟಕಿ ಕಿಟಕಿಯಲ್ಲೂ ಇತ್ತು. "ಸ್ಟ್ರೈಕ್ ಕೊಬಿಯೆತ್", ಅಂದರೆ ಮಹಿಳೆಯರ ಮುಷ್ಕರ ಅನ್ನುವ ಸಂಘಟನೆ, ಮಾರ್ತಾ ಲೆಂಪಾರ್ಟ್ ಅದರ ನಾಯಕಿ. ಅವರ ಮೇಲೆ ಹಾಕಿದ ಕೇಸುಗಳಿಗೆ ಲೆಕ್ಕವೇ ಇಲ್ಲ. ತೀರ್ಪು ಮಾತ್ರ ಬದಲಾಗಲಿಲ್ಲ. 2021ರ ಜನವರಿ 27ಕ್ಕೆ ಜಾರಿಗೆ ಬಂತು.

ಅದೇ ಸೆಪ್ಟೆಂಬರ್‌ನಲ್ಲಿ ಪ್ಷ್ಚಿನಾ ಎಂಬ ಊರಿನ ಆಸ್ಪತ್ರೆಯಲ್ಲಿ 30 ವರ್ಷದ ತಾಯಿಯೊಬ್ಬರು ಸತ್ತರು. 22 ವಾರದ ಗರ್ಭ. ನೀರಿನ ಚೀಲ ಒಡೆದಿತ್ತು. ಎದೆಬಡಿತ ನಿಲ್ಲಲಿ ಅಂತ ವೈದ್ಯರು ಕಾದರು. ಸೆಪ್ಸಿಸ್. ಅವರು ಆಸ್ಪತ್ರೆಯ ಹಾಸಿಗೆಯಿಂದ ತಾಯಿಗೆ ಕಳಿಸಿದ ಮೆಸೇಜುಗಳು ಆಮೇಲೆ ಪತ್ರಿಕೆಯಲ್ಲಿ ಬಂದವು. "ಇನ್ನೊಬ್ಬಳು ಬೇಡ" ಅಂತ ಜನ ಮತ್ತೆ ಬೀದಿಗೆ ಬಂದರು. ಗಾಲ್ವೇ ಕಥೆ ಗೊತ್ತಿದ್ದ ಕನ್ನಡದವನಾಗಿ ಆ ಸುದ್ದಿ ಓದುವಾಗ ಮೈ ನಡುಗಿತು. ಒಂಬತ್ತು ವರ್ಷದ ಹಿಂದೆ ಇನ್ನೊಂದು ದೇಶ ಅಷ್ಟು ಬೆಲೆ ಕೊಟ್ಟು ಕಲಿತದ್ದನ್ನು ಇವರು ಓದಲೇ ಇಲ್ಲವಾ?

ಅಂಗಳದ_ದೀಪ

ಅಷ್ಟು ಜನ ಬಂದರೂ ಪೋಲೆಂಡ್‌ನಲ್ಲಿ ಯಾಕೆ ಆಗಲಿಲ್ಲ?

ಕ್ರಾಕೋವ್_ಟ್ರಾಮ್

ಬದಲಾವಣೆ ಮಾಡುವ ಬಾಗಿಲುಗಳೆಲ್ಲ ಬೇರೆಯವರ ಕೈಯಲ್ಲಿದ್ದವು. ಐರ್ಲೆಂಡ್‌ನಲ್ಲಿ ಸಂವಿಧಾನ ಬದಲಿಸಲು ಜನಮತಗಣನೆ ಬೇಕೇ ಬೇಕು, ಅಂದರೆ ಕೊನೆ ಮಾತು ಜನರದ್ದು. ಇಲ್ಲಿ ನ್ಯಾಯಮಂಡಳಿ, ಸಂಸತ್ತು, ಅಧ್ಯಕ್ಷರ ವೀಟೋ. 2023ರ ಅಕ್ಟೋಬರ್ ಚುನಾವಣೆಯಲ್ಲಿ 74 ಶೇಕಡಾ ಜನ ಮತ ಹಾಕಿ ಸರ್ಕಾರ ಬದಲಿಸಿದರು. ಹೆಂಗಸರು, ಯುವಕರು ಸಾಲುಗಟ್ಟಿ ನಿಂತರು. ಆದರೆ ಹೊಸ ಮೈತ್ರಿಕೂಟದೊಳಗೇ ಒಮ್ಮತ ಇಲ್ಲ. ಗರ್ಭಪಾತಕ್ಕೆ ಸಹಾಯ ಮಾಡಿದವರಿಗೆ ಜೈಲು ಬೇಡ ಅನ್ನುವ ಸಣ್ಣ ಮಸೂದೆಯೂ 2024ರ ಜುಲೈನಲ್ಲಿ 215ಕ್ಕೆ 218 ಮತಗಳಿಂದ ಬಿದ್ದಿತು. ಮೂರು ಮತ!

ಆದರೆ ಇಲ್ಲಿನವರು ಕೈ ಕಟ್ಟಿ ಕೂತಿಲ್ಲ, ಇದನ್ನು ನಾನು ತುಂಬಾ ಹೆಮ್ಮೆಯಿಂದ ಹೇಳುತ್ತೇನೆ. ಕಾನೂನು ಬದಲಾಗುವವರೆಗೆ ಹೆಣ್ಣು ಕಾಯಲು ಆಗುವುದಿಲ್ಲ ಅಲ್ವಾ. 2019ರಲ್ಲೇ "ಗಡಿಯಿಲ್ಲದ ಗರ್ಭಪಾತ" ಅನ್ನುವ ಜಾಲ ಶುರುವಾಗಿತ್ತು. ಬೇರೆ ಬೇರೆ ದೇಶದ ಗುಂಪುಗಳು ಸೇರಿ ಒಂದು ಸಹಾಯವಾಣಿ. ಫೋನ್ ಮಾಡಿದರೆ ಮಾಹಿತಿ ಕೊಡುತ್ತಾರೆ, ಮಾತ್ರೆ ತರಿಸುವ ದಾರಿ ಹೇಳುತ್ತಾರೆ, ನೆದರ್‌ಲ್ಯಾಂಡ್ಸ್‌ಗೋ ಬ್ರಿಟನ್‌ಗೋ ಹೋಗಬೇಕಾದರೆ ದುಡ್ಡು, ವಸತಿ, ಭಾಷೆಗೆ ಜನ, ಎಲ್ಲಾ ನೋಡಿಕೊಳ್ಳುತ್ತಾರೆ. ಯೂಸ್ತಿನಾ ವಿದ್ಜಿನ್‌ಸ್ಕಾ ಎಂಬ ಕಾರ್ಯಕರ್ತೆ, ಹಿಂಸೆ ಕೊಡುವ ಗಂಡನ ಮನೆಯಲ್ಲಿದ್ದ ಹೆಂಗಸಿಗೆ ತನ್ನ ಬಳಿ ಇದ್ದ ಮಾತ್ರೆ ಕಳಿಸಿದರು. ಗಂಡ ಪೊಲೀಸರಿಗೆ ಹೇಳಿದ. 2023ರ ಮಾರ್ಚ್‌ನಲ್ಲಿ ಕೋರ್ಟ್ ಅವರಿಗೆ ಎಂಟು ತಿಂಗಳ ಸಮುದಾಯ ಸೇವೆಯ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ 2025ರಲ್ಲಿ ಆ ತೀರ್ಪು ರದ್ದಾಗಿ ಮರುವಿಚಾರಣೆಗೆ ಹೋಯಿತು. ಅವರು ಹೆದರಿ ಕೆಲಸ ಬಿಡಲಿಲ್ಲ. 2025ರ ಮಾರ್ಚ್ 8ರಂದು ಅವರ ಗುಂಪಿನವರು ವಾರ್ಸಾದಲ್ಲಿ ಸಂಸತ್ತಿನ ಎದುರಿಗೇ ಒಂದು ಕೇಂದ್ರ ತೆರೆದರು.

ತುಂಗೆಯ_ತಡಿ ಅವರೇ, ನಿಮ್ಮ ನಂಬಿಕೆಗೆ ನಾನು ಗೌರವ ಕೊಡುತ್ತೇನೆ. ಆದರೆ ನಿಷೇಧದಿಂದ ಇಲ್ಲಿ ಗರ್ಭಪಾತ ನಿಂತಿಲ್ಲ. ಅದು ಗುಟ್ಟಾಗಿ, ದೂರದಲ್ಲಿ, ಭಯದಲ್ಲಿ ನಡೆಯುತ್ತಿದೆ ಅಷ್ಟೇ.

ತುಂಗೆಯ_ತಡಿ

ಹೆರಿಗೆ_ವಾರ್ಡ್ ಅವರು ಬರೆದ ಗಂಟೆಗಳ ಲೆಕ್ಕ ನನ್ನನ್ನು ಯೋಚನೆಗೆ ಹಚ್ಚಿದೆ. "ಜೀವಕ್ಕೆ ಅಪಾಯ" ಅನ್ನುವ ಗೆರೆ ಇಷ್ಟು ತೆಳುವಾಗಿರುತ್ತದೆ ಅಂತ ತಿಳಿದಿರಲಿಲ್ಲ. ಜೀವದ ಪ್ರಶ್ನೆಯಲ್ಲಿ ನನ್ನ ಮನಸ್ಸು ಇನ್ನೂ ಅಲ್ಲೇ ಇದೆ. ಆದರೆ ವೈದ್ಯರನ್ನು ಜೈಲಿನ ಭಯದಲ್ಲಿಟ್ಟು ಕೆಲಸ ಮಾಡಿಸುವುದು ಯಾವ ಧರ್ಮಕ್ಕೂ ಒಪ್ಪುವ ಮಾತಲ್ಲ. ಮಾಲ್ಟಾದಲ್ಲಿ ಇನ್ನೂ ಹೀಗೇ ಇದೆ ಅಂತ ಕೇಳಿದ್ದೆ, ನಿಜವಾ?

ಕಾನೂನು_ಕಟ್ಟೆ

ಹೌದು, ಸ್ವಲ್ಪ ಸಡಿಲ ಆಗಿದೆ. 2022ರಲ್ಲಿ ಅಲ್ಲಿಗೆ ಪ್ರವಾಸ ಬಂದಿದ್ದ ಅಮೆರಿಕದ ಮಹಿಳೆಗೆ ಸವಿತಾ ಥರದ್ದೇ ಸ್ಥಿತಿ. ವಿಮಾನದಲ್ಲಿ ಸ್ಪೇನ್‌ನ ಮಯೋರ್ಕಾಗೆ ಒಯ್ದು ಉಳಿಸಿದರು. 2023ರಲ್ಲಿ ಕಾನೂನು ತಿದ್ದಿದರು. ಆದರೆ ಸರ್ಕಾರ ಕೊನೇ ಗಳಿಗೆಯಲ್ಲಿ ಮಸೂದೆಯನ್ನು ಬಿಗಿ ಮಾಡಿತು. ಜೀವಕ್ಕೇ ಅಪಾಯ ಇರಬೇಕು, ಸಾಮಾನ್ಯವಾಗಿ ಮೂವರು ತಜ್ಞರು ಒಪ್ಪಬೇಕು. ಮೊದಲು ಬೆಂಬಲಿಸಿದ್ದ ಅಲ್ಲಿನ ಹಕ್ಕಿನ ಗುಂಪುಗಳು ಈ ರೂಪ ನೋಡಿ ಕೈಬಿಟ್ಟವು.

ಇನ್ನೊಂದು ತುದಿಯಲ್ಲಿ ಫ್ರಾನ್ಸ್. 1971ರ ಏಪ್ರಿಲ್‌ನಲ್ಲಿ 343 ಹೆಂಗಸರು "ನಾನು ಗರ್ಭಪಾತ ಮಾಡಿಸಿಕೊಂಡಿದ್ದೇನೆ" ಅಂತ ಹೆಸರು ಹಾಕಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಅದು ಅಪರಾಧ. 1975ರಲ್ಲಿ ಸಿಮೋನ್ ವೇಯ್ ಕಾನೂನು ತಂದರು. 2024ರ ಮಾರ್ಚ್‌ನಲ್ಲಿ 72ರ ವಿರುದ್ಧ 780 ಮತಗಳಿಂದ ಆ ಸ್ವಾತಂತ್ರ್ಯ ಸಂವಿಧಾನಕ್ಕೇ ಸೇರಿತು.

ಇಡೀ ಯುರೋಪಿಗೆ ಸೇರಿದ ಪ್ರಯತ್ನವೂ ಒಂದಿದೆ. ಯುರೋಪಿಯನ್ ಒಕ್ಕೂಟದಲ್ಲಿ ಕನಿಷ್ಠ ಏಳು ದೇಶಗಳಲ್ಲಿ ನಿಗದಿ ಸಂಖ್ಯೆ ಮುಟ್ಟಿ, ಒಟ್ಟು 10 ಲಕ್ಷ ಸಹಿ ಸೇರಿಸಿದರೆ ಅದರ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಉತ್ತರ ಕೊಡಲೇಬೇಕು. ಸ್ಲೊವೇನಿಯಾದ ನಿಕಾ ಕೊವಾಚ್ ಮತ್ತು ಜೊತೆಗಾರರು 2024ರಲ್ಲಿ "ಮೈ ವಾಯ್ಸ್, ಮೈ ಚಾಯ್ಸ್" ಶುರು ಮಾಡಿ 10 ಲಕ್ಷಕ್ಕೂ ಜಾಸ್ತಿ ಸಹಿ ಕೂಡಿಸಿದರು. ಯಾವ ದೇಶದ ಕಾನೂನನ್ನೂ ಬದಲಿಸಿ ಅಂತ ಅವರು ಕೇಳಲಿಲ್ಲ, ಅದು ಒಕ್ಕೂಟದ ಕೈಯಲ್ಲಿಲ್ಲ. ತನ್ನ ದೇಶದಲ್ಲಿ ಸಿಗದ ಹೆಣ್ಣು ಇನ್ನೊಂದು ದೇಶಕ್ಕೆ ಹೋದರೆ ಆ ಖರ್ಚಿಗೆ ಒಕ್ಕೂಟ ನೆರವು ಕೊಡಲಿ ಅಂತ ಕೇಳಿದರು. ಕಾನೂನಿನಲ್ಲಿ ಎಲ್ಲಿ ಸಂದಿ ಇದೆ ಅಂತ ಹುಡುಕಿ ಅಲ್ಲೇ ಕೈ ಹಾಕಿದರು. ವಕೀಲನಾಗಿ ನನಗೆ ಇದು ತುಂಬಾ ಇಷ್ಟವಾಯಿತು.

ಹೊಸಪೇಟೆ_ಹುಡುಗಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ಮುಂದಿನ ವರ್ಷ ಎಂಎಸ್‌ಸಿಗೆ ಗಾಲ್ವೇಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಅಮ್ಮ ಈ ವಿಷಯಕ್ಕೇ ಹೆದರಿದ್ದಾರೆ. ಈಗ ಅಲ್ಲಿ ನಿಜವಾಗಿ ಹೇಗಿದೆ?

ಡಬ್ಲಿನ್_ಮಳೆ

ಅಮ್ಮನಿಗೆ ಹೇಳಿ, ಕಾನೂನು ಬದಲಾಗಿದೆ. 2019ರ ಜನವರಿ 1ರಿಂದ 12 ವಾರದವರೆಗೆ ಕಾರಣ ಹೇಳದೆ ಸೇವೆ ಸಿಗುತ್ತದೆ. ಇಲ್ಲಿ ವಾಸ ಇರುವವರಿಗೆ ಉಚಿತ. ಅದಾದ ಮೇಲೆ ತಾಯಿಯ ಜೀವಕ್ಕೆ ಅಪಾಯ, ಆರೋಗ್ಯಕ್ಕೆ ಗಂಭೀರ ಹಾನಿ, ಅಥವಾ ಮಗು ಬದುಕದಂಥ ತೊಂದರೆ ಇದ್ದರೆ ಮಾತ್ರ. ಸವಿತಾ ಸ್ಥಿತಿಯಲ್ಲಿ ಇವತ್ತು ವೈದ್ಯರು ಕಾಯಬೇಕಾಗಿಲ್ಲ.

ಎಲ್ಲವೂ ಸರಿಯಾಗಿದೆ ಅಂತಲ್ಲ. ಮೊದಲ ಸಲ ವೈದ್ಯರನ್ನು ಕಂಡ ಮೇಲೆ ಮೂರು ದಿನ ಕಡ್ಡಾಯವಾಗಿ ಕಾಯಬೇಕು. 2023ರಲ್ಲಿ ಮರೀ ಓ'ಶೇ ಎಂಬ ವಕೀಲೆ ಸರ್ಕಾರಕ್ಕೆ ಕೊಟ್ಟ ವರದಿ ಅದನ್ನು ಐಚ್ಛಿಕ ಮಾಡಿ ಅಂದಿತು, ಅದಕ್ಕಾಗಿ ಇನ್ನೂ ಒತ್ತಾಯ ನಡೆಯುತ್ತಿದೆ. ಭ್ರೂಣದ ತೊಂದರೆ ತಡವಾಗಿ ಗೊತ್ತಾದ ಕೆಲವರು ಈಗಲೂ ಇಂಗ್ಲೆಂಡಿಗೆ ಹೋಗುತ್ತಾರೆ. ಆಸ್ಪತ್ರೆ, ಕ್ಲಿನಿಕ್ ಎದುರು ಬೋರ್ಡ್ ಹಿಡಿದು ಹೆದರಿಸುವವರಿದ್ದರು. ಪ್ರಚಾರಕರು ಮತ್ತೆ ವರ್ಷಗಟ್ಟಲೆ ಬೆನ್ನು ಹತ್ತಿ, 2024ರ ಅಕ್ಟೋಬರ್‌ನಿಂದ 100 ಮೀಟರ್ ಒಳಗೆ ಹಾಗೆ ಮಾಡುವಂತಿಲ್ಲ ಅನ್ನುವ ಕಾನೂನು ಜಾರಿ ಮಾಡಿಸಿದರು.

ಇಲ್ಲಿಗೆ ಬಂದ ಕೂಡಲೇ ಒಬ್ಬ ಜಿಪಿ (ಹತ್ತಿರದ ಸಾಮಾನ್ಯ ವೈದ್ಯರು) ಬಳಿ ಹೆಸರು ನೋಂದಾಯಿಸಿ, ಯಾವ ಕಾಯಿಲೆಗಾದರೂ ಬೇಕು. ಎಲ್ಲಾ ಜಿಪಿಗಳೂ ಈ ಸೇವೆ ಕೊಡುವುದಿಲ್ಲ. ಹಾಗಾಗಿ ನಿಮಗೋ ಗೆಳತಿಗೋ ಅಗತ್ಯ ಬಿದ್ದರೆ ಮೊದಲು ಆರೋಗ್ಯ ಇಲಾಖೆಯ "ಮೈ ಆಪ್ಷನ್ಸ್" ಸಹಾಯವಾಣಿಗೆ ಫೋನ್ ಮಾಡಿ, ಹತ್ತಿರದಲ್ಲಿ ಯಾರು ಕೊಡುತ್ತಾರೆ ಅಂತ ಅವರೇ ಹೇಳುತ್ತಾರೆ. ಬಂದ ಮೇಲೆ ಇಲ್ಲೇ ಒಂದು ಮೆಸೇಜ್ ಹಾಕಿ. ಗಾಲ್ವೇಯಲ್ಲಿ ನಮ್ಮ ಕನ್ನಡದವರು ಇದ್ದಾರೆ, ಪರಿಚಯ ಮಾಡಿಸುತ್ತೇನೆ.